ಹನಿ ಲೆಕ್ಕ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ನೀಲಗಿರಿ ಎಣ್ಣೆಯ ಹಬೆ ತೆಗೆದುಕೊಳ್ಳುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಪಾತ್ರೆ ಬಿಸಿನೀರಿಗೆ ಒಂದೆರಡು ಹನಿ ಸಾಕು, ಕಣ್ಣು ಮುಚ್ಚಿಕೊಂಡಿರಿ, ಪುಟ್ಟ ಮಕ್ಕಳಿಗೆ ಬೇಡ, ಇಷ್ಟೇ. ಅದಕ್ಕೆ ಬಂದ ಪತ್ರಗಳು ನೀಲಗಿರಿಯನ್ನು ಬಿಟ್ಟು ಎಲ್ಲೆಲ್ಲಿಗೋ ಹೋಗಿವೆ. ಹೆಚ್ಚಿನವರು ಕೇಳಿರುವುದು 'ಬ್ಲೆಂಡ್' ಎಂದು ಮಾರುವ ಎಸೆನ್ಷಿಯಲ್ ಆಯಿಲ್‌ಗಳ ಮಿಶ್ರಣದ ಬಗ್ಗೆ (ಎಸೆನ್ಷಿಯಲ್ ಆಯಿಲ್ ಅಂದರೆ ಗಿಡದ ಹೂವು, ಎಲೆ, ತೊಗಟೆಗಳಿಂದ ತೆಗೆದ ಗಾಢ ಪರಿಮಳದ ಎಣ್ಣೆ). ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಫಾರ್ಮಸಿ ಓದಿದವಳು. ಮೊದಲು ಮೈಸೂರಿನ ಊದುಬತ್ತಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಾಂಪೌಂಡ್, ಅಂದರೆ ಪರಿಮಳದ ಮಿಶ್ರಣ, ತೂಗುವ ಕೆಲಸ ಮಾಡಿದೆ, ಆಮೇಲೆ ಶಿವಮೊಗ್ಗದಲ್ಲಿ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತೆ. ವೈದ್ಯೆಯಲ್ಲ. ಎಲ್ಲಿ ವೈದ್ಯರ ಹತ್ತಿರ ಹೋಗಲೇಬೇಕೋ ಅಲ್ಲಿ ಹಾಗೆಂದೇ ಬರೆಯುತ್ತೇನೆ.

ಮೇಡಂ, ಬೆನ್ನುನೋವಿಗೆ ಅಂತ ಒಂದು ವಿಡಿಯೊ ನೋಡಿ 30 ಮಿ.ಲೀ. ಕೊಬ್ಬರಿ ಎಣ್ಣೆಗೆ ಲ್ಯಾವೆಂಡರ್, ಮಜ್ಜಿಗೆ ಹುಲ್ಲು, ದಾಲ್ಚಿನ್ನಿ ಎಣ್ಣೆಗಳನ್ನು ತಲಾ 10 ಹನಿ ಹಾಕಿದೆ. ನಮ್ಮ ಯಜಮಾನರ ಬೆನ್ನಿಗೆ ತಿಕ್ಕಿದ ಹತ್ತೇ ನಿಮಿಷಕ್ಕೆ ಉರಿ ಉರಿ ಅಂತ ಎದ್ದುಬಿಟ್ಟರು. ಮಾರನೇ ದಿನವೂ ಕೆಂಪಗೇ ಇತ್ತು. ಮೂರೂ ಶುದ್ಧ ಎಣ್ಣೆ, ಸೀಸೆ ಮೇಲೆ 'ನೂರಕ್ಕೆ ನೂರು ನೈಸರ್ಗಿಕ' ಅಂತಲೇ ಇದೆ. ಎಲ್ಲಿ ತಪ್ಪಾಯಿತು?
— ಗೃಹಿಣಿ, ದಾವಣಗೆರೆ

ಎಣ್ಣೆ ಶುದ್ಧವಾಗಿದ್ದದ್ದಕ್ಕೇ ಅಷ್ಟು ಉರಿದದ್ದು. ಕಲಬೆರಕೆಯದಾಗಿದ್ದರೆ ಬಹುಶಃ ಕಡಿಮೆ ಉರಿಯುತ್ತಿತ್ತು!

ಲೆಕ್ಕ ಹಾಕೋಣ ಬನ್ನಿ. 1 ಮಿ.ಲೀ.ಗೆ ಸುಮಾರು 20 ಹನಿ ಎಂದು ಹಿಡಿಯಿರಿ. ನಿಮ್ಮ 30 ಮಿ.ಲೀ. ಕೊಬ್ಬರಿ ಎಣ್ಣೆ ಅಂದರೆ 600 ಹನಿ. ಅದರಲ್ಲಿ 1 ಪರ್ಸೆಂಟ್ ಅಂದರೆ 6 ಹನಿ. ದೊಡ್ಡವರ ಮೈಗೆ ತಿಕ್ಕುವ ಎಣ್ಣೆಗೆ ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್ ಸಾಕು, ಅಂದರೆ 6ರಿಂದ 12 ಹನಿ. ನೀವು ಹಾಕಿದ್ದು 30 ಹನಿ, 5 ಪರ್ಸೆಂಟ್. ವಿಡಿಯೊದವರು 'ತಲಾ ಹತ್ತು' ಎಂದಾಗ ಕಿವಿಗೆ ಬೀಳುವುದು ಹತ್ತು ಮಾತ್ರ. ಆದರೆ ಚರ್ಮಕ್ಕೆ ಬೀಳುವುದು ಮೂವತ್ತು. ಮಿಶ್ರಣ ಮಾಡುವಾಗ ಮೊದಲು ಒಟ್ಟು ಹನಿ ಎಷ್ಟು ಎಂದು ನಿರ್ಧರಿಸಿ, ಆಮೇಲೆ ಅದನ್ನೇ ಎಣ್ಣೆಗಳ ನಡುವೆ ಹಂಚಬೇಕು. ಮನೆಯಲ್ಲಿ ಮಿಶ್ರಣ ಮಾಡುವ ಬಹುಪಾಲು ಜನ ಎಡವುವುದು ಇದೊಂದೇ ಜಾಗದಲ್ಲಿ.

ಇದು ಅರ್ಧ ಉತ್ತರ. ಉಳಿದರ್ಧ ದಾಲ್ಚಿನ್ನಿಯದು. ಎಲ್ಲ ಎಣ್ಣೆಗೂ ಒಂದೇ ಮಿತಿ ಇಲ್ಲ. ದಾಲ್ಚಿನ್ನಿಯ ತೊಗಟೆಯಿಂದ ತೆಗೆದ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಎಂಬ ಅಂಶ ತುಂಬಿರುತ್ತದೆ. ಅಡುಗೆಮನೆಯ ಚಕ್ಕೆಗೆ ಆ ಖಾರದ ಪರಿಮಳ ಕೊಡುವುದೂ ಅದೇ, ನಿಮ್ಮ ಯಜಮಾನರ ಬೆನ್ನು ಸುಟ್ಟದ್ದೂ ಅದೇ ಇರಬೇಕು. ಸುರಕ್ಷತೆಯ ಕೈಪಿಡಿಗಳು ತೊಗಟೆ ಎಣ್ಣೆಗೆ ಚರ್ಮದ ಮೇಲೆ ಹೇಳುವ ಮಿತಿ 0.07 ಪರ್ಸೆಂಟ್. ನಿಮ್ಮ 30 ಮಿ.ಲೀ. ಎಣ್ಣೆಗೆ ಅದು ಅರ್ಧ ಹನಿಯೂ ಆಗುವುದಿಲ್ಲ, ನೀವು ಹಾಕಿದ್ದು ಹತ್ತು. ದಾಲ್ಚಿನ್ನಿಯ ಎಲೆಯಿಂದ ತೆಗೆದ ಎಣ್ಣೆ ಬೇರೆ, ಅದರಲ್ಲಿ ಲವಂಗದ ಯೂಜಿನಾಲ್ ಹೆಚ್ಚು, ಮಿತಿಯೂ ಸ್ವಲ್ಪ ಸಡಿಲ. ನಿಮ್ಮ ಸೀಸೆಯ ಮೇಲೆ ತೊಗಟೆಯೋ ಎಲೆಯೋ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಅದನ್ನು ಮೈಗೆ ಹಚ್ಚುವ ಎಣ್ಣೆಗೆ ಹಾಕಲೇಬೇಡಿ. ಮಜ್ಜಿಗೆ ಹುಲ್ಲಿನ ಎಣ್ಣೆಗೂ ಮಿತಿ 0.7 ಪರ್ಸೆಂಟಿನ ಆಸುಪಾಸು. ಅಂದರೆ ಅದೂ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು.

ಮತ್ತೆ ಮಾಡುವುದಿದ್ದರೆ ಅದೇ 30 ಮಿ.ಲೀ.ಗೆ ಲ್ಯಾವೆಂಡರ್ 4 ಹನಿ, ಮಜ್ಜಿಗೆ ಹುಲ್ಲು 2 ಹನಿ ಹಾಕಿ. ದಾಲ್ಚಿನ್ನಿ ಪಲಾವಿಗೆ ಇರಲಿ. ಮೊದಲು ಮೊಣಕೈ ಒಳಭಾಗಕ್ಕೆ ಒಂದಿಷ್ಟು ಹಚ್ಚಿ ಒಂದು ದಿನ ಕಾದು ನೋಡಿ. ಮುಖಕ್ಕಾದರೆ ಇದರ ಅರ್ಧ. ಹನಿಯ ಗಾತ್ರ ಸೀಸೆಯ ಮುಚ್ಚಳದಿಂದ ಮುಚ್ಚಳಕ್ಕೆ ಬೇರೆಯಾಗುವುದರಿಂದ ಮೆಡಿಕಲ್ ಶಾಪಿನಿಂದ 1 ಮಿ.ಲೀ. ಸಿರಿಂಜ್ ತಂದು ಸೂಜಿ ತೆಗೆದು ಅಳೆಯುವುದು ಇನ್ನೂ ವಾಸಿ. ನಮ್ಮ ಕಾರ್ಖಾನೆಯಲ್ಲಂತೂ ಹನಿ ಎಂಬ ಅಳತೆಯೇ ಇರಲಿಲ್ಲ. ಎಲ್ಲ ತಕ್ಕಡಿಯಲ್ಲಿ, ಗ್ರಾಂ ಲೆಕ್ಕದಲ್ಲಿ.

ಉರಿ ಬಂದಾಗ ನೀರು ಸುರಿದಿರಾ? ಬರೀ ನೀರಿಗೆ ಈ ಎಣ್ಣೆ ಬಿಟ್ಟುಕೊಡುವುದಿಲ್ಲ. ಸಾದಾ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ ತೆಗೆದು, ಆಮೇಲೆ ಸೋಪು ಹಾಕಿ ತೊಳೆಯಬೇಕು. ಸ್ನಾನದ ಬಕೆಟ್ಟಿಗೆ ಹನಿ ಹಾಕುವವರಿಗೂ ಇದೇ ಮಾತು. ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೇ ತೇಲಿಕೊಂಡು, ಮೊದಲ ಚೊಂಬಿನಲ್ಲೇ ಅಷ್ಟೂ ಮೈಮೇಲೆ ಬಂದು ಕೂರುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ನೀರೇ ಮದ್ದು, ಹದಿನೈದು ನಿಮಿಷ ಬಿಡದೆ ಹರಿಸಿ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಇನ್ನೊಂದು ವಿಷಯ. ಅವರ ಬೆನ್ನಿನ ಕೆಂಪು ಈಗ ಇಳಿದಿದ್ದರೂ ದಾಲ್ಚಿನ್ನಿ, ಲವಂಗದ ಎಣ್ಣೆಗಳು ಕೆಲವರ ಚರ್ಮಕ್ಕೆ ಅಲರ್ಜಿ ಹತ್ತಿಸಿಬಿಡುತ್ತವೆ. ಹತ್ತಿದ ಮೇಲೆ ಅದು ಬಿಟ್ಟುಹೋಗುವುದು ಅಪರೂಪ. ಆಮೇಲೆ ಟೂತ್‌ಪೇಸ್ಟಿನಲ್ಲಿರುವ ಒಂದಿಷ್ಟಕ್ಕೂ ಬಾಯಿ ಕೆಂಪಾಗಬಹುದು. ಹಾಗೇನಾದರೂ ಕಂಡರೆ ಚರ್ಮದ ವೈದ್ಯರಿಗೆ ಈ ಘಟನೆಯನ್ನು ಮರೆಯದೆ ಹೇಳಿ.

ನಮ್ಮ ಅಜ್ಜಿ ಕರ್ಪೂರ, ಓಮದ ಹೂವು, ಪುದೀನ ಹೂವು ಮೂರನ್ನೂ ಒಂದೇ ಸೀಸೆಗೆ ಹಾಕಿ ಅಲ್ಲಾಡಿಸಿ ಅಮೃತಧಾರೆ ಮಾಡುತ್ತಿದ್ದರು. ಮೂರೂ ಗಟ್ಟಿ ಹರಳು, ಕೂಡಿದ ಕೂಡಲೇ ನೀರಾಗುತ್ತಿತ್ತು. ಹೊಟ್ಟೆನೋವಿಗೆ ಸಕ್ಕರೆ ಮೇಲೆ ಒಂದು ಹನಿ. ಈಗ ನಾನೂ ಮಾಡಿ ಇಟ್ಟುಕೊಳ್ಳಬೇಕೆಂದಿದ್ದೇನೆ. ಮನೆಯಲ್ಲಿ ಮೂರು ವರ್ಷದ ಮಗನಿದ್ದಾನೆ, ಅವನಿಗೂ ಆಗುತ್ತದೆಯೇ?
— ಶಿರಸಿ ಕಡೆಯ ಓದುಗರು

ಈ ಪತ್ರ ಓದಿ ಖುಷಿಯಾಯಿತು, ಭಯವೂ ಆಯಿತು.

ಖುಷಿ ಯಾಕೆಂದರೆ, ಬ್ಲೆಂಡ್ ಎಂಬುದು ಹೊರಗಿನಿಂದ ಬಂದ ಹೊಸ ಫ್ಯಾಶನ್ ಅಂದುಕೊಂಡವರಿಗೆ ಅಮೃತಧಾರೆಗಿಂತ ಒಳ್ಳೆಯ ಉತ್ತರ ಇಲ್ಲ. ಕರ್ಪೂರ, ಥೈಮಾಲ್, ಮೆಂಥಾಲ್ ಎಂದು ನಾವು ಕಾಲೇಜಿನಲ್ಲಿ ಕರೆಯುವ ಮೂರು ಹರಳುಗಳು ಇವು. ಬಿಡಿಯಾಗಿದ್ದಾಗ ಕೋಣೆಯ ಶಾಖಕ್ಕೆ ಕರಗುವುದಿಲ್ಲ. ಕೂಡಿಸಿದಾಗ ಮಿಶ್ರಣದ ಕರಗುವ ಬಿಂದು ಮೂರರದ್ದಕ್ಕಿಂತ ಕೆಳಕ್ಕೆ ಇಳಿಯುವುದರಿಂದ ಬೆಂಕಿ ಇಲ್ಲದೆ ನೀರಾಗುತ್ತದೆ. ಫಾರ್ಮಸಿಯ ಮೊದಲ ವರ್ಷದಲ್ಲಿ ಇದನ್ನು ಪ್ರಯೋಗವಾಗಿ ಮಾಡಿಸುತ್ತಾರೆ. ನಿಮ್ಮ ಅಜ್ಜಿ ಅಡುಗೆಮನೆಯಲ್ಲೇ ಮಾಡುತ್ತಿದ್ದರು.

ಭಯ ಮಗನ ಕಾರಣಕ್ಕೆ. ಮೂರನ್ನೂ ಸಮಸಮ ಹಾಕಿದರೆ ಮಿಶ್ರಣದ ಮೂರನೇ ಒಂದು ಭಾಗ ಕರ್ಪೂರ. ಒಂದು ಟೀ ಚಮಚದಲ್ಲಿ, ಅಂದರೆ 5 ಮಿ.ಲೀ.ಯಲ್ಲಿ, ಒಂದೂವರೆ ಗ್ರಾಂನಷ್ಟು ಕರ್ಪೂರ ಇರುತ್ತದೆ. ಎಳೆಯ ಮಗುವಿಗೆ ಒಂದು ಗ್ರಾಂ ಕರ್ಪೂರ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಅದು ನಿಧಾನಕ್ಕೆ ಏರುವ ವಿಷವೂ ಅಲ್ಲ. ಕೆಲವೇ ನಿಮಿಷಗಳಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಮಗುವಿಗೆ ಫಿಟ್ಸ್ ಬರಬಹುದು. ಸಿಹಿ ವಾಸನೆಯ, ನೀರಿನಂತೆ ತಿಳಿಯಾದ ದ್ರವ, ಪುಟ್ಟ ಸೀಸೆ. ಮೂರು ವರ್ಷದವನ ಕೈಗೆ ಇದಕ್ಕಿಂತ ಆಕರ್ಷಕವಾದದ್ದು ಯಾವುದಿದೆ?

ಅವನಿಗೆ ಸಕ್ಕರೆ ಮೇಲೂ ಬೇಡ, ಮೂಗಿಗೂ ಬೇಡ, ಅಂಗಿಗೂ ಬೇಡ. ಶೀತವಾದಾಗ ಮಗುವಿನ ಜುಬ್ಬಕ್ಕೆ ಕರ್ಪೂರದ ಗಂಟು ಕಟ್ಟುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆ ಗಂಟು ಬಾಯಿಗೆ ಹೋಗಲು ಎಷ್ಟು ಹೊತ್ತು? ಮೆಂಥಾಲನ್ನು ಕೂಸಿನ ಮೂಗಿನ ಹತ್ತಿರ ಹಚ್ಚಿದರೆ ಗಂಟಲು ಬಿಗಿದು ಉಸಿರು ಕಟ್ಟುವುದೂ ಉಂಟು. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರದ ಬಾಮ್ ಹಚ್ಚಬಾರದೆಂದು ಡಬ್ಬಿಯ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಜ್ಜಿಯಂದಿರ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ!

ದೊಡ್ಡವರ ವಿಷಯಕ್ಕೆ ಬಂದರೆ, ಒಂದು ಹನಿಯಲ್ಲಿ ಇರುವುದು ಹದಿನೈದು ಮಿಲಿಗ್ರಾಂನಷ್ಟು ಕರ್ಪೂರ. ಆರೋಗ್ಯವಾಗಿರುವ ದೊಡ್ಡವರೊಬ್ಬರು ಎಂದೋ ಒಮ್ಮೆ ಅಷ್ಟು ತೆಗೆದುಕೊಂಡರೆ ನಾನು ಗಾಬರಿಯಾಗುವುದಿಲ್ಲ. ಹಾಗೆಂದು ಮನೆಯಲ್ಲಿ ಮಾಡಿ ಇಟ್ಟುಕೊಳ್ಳಿ ಎಂದೂ ಹೇಳಲಾರೆ. ಮಂಗಳಾರತಿಯ ಕರ್ಪೂರ ತಿನ್ನುವುದಕ್ಕೆ ಮಾಡಿದ್ದಲ್ಲ, ಗ್ರಂದಿಗೆ ಅಂಗಡಿಯಲ್ಲಿ ಯಾವುದು ಕೊಟ್ಟರು ಎಂಬುದೂ ನಿಮಗೆ ಗೊತ್ತಾಗುವುದಿಲ್ಲ. ಬೇಕೇ ಬೇಕೆಂದರೆ ಲೈಸೆನ್ಸ್ ಇರುವ ಆಯುರ್ವೇದ ಕಂಪನಿಯದು, ಪ್ರಮಾಣ ಬರೆದಿರುವುದು ಕೊಂಡು ಬೀಗ ಹಾಕುವ ಕಪಾಟಿನಲ್ಲಿಡಿ. ಗರ್ಭಿಣಿಯರಿಗೆ, ಮೂರ್ಛೆರೋಗ ಇರುವವರಿಗೆ ಒಂದು ಹನಿಯೂ ಸಲ್ಲದು. ಕರ್ಪೂರ ಮತ್ತು ನೀಲಗಿರಿ ಎಣ್ಣೆಗಳಿಂದ ದೊಡ್ಡವರಿಗೂ ಫಿಟ್ಸ್ ಬರುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ರೋಗಿಗಳ ವಿವರಗಳ ಸಮೇತ ಪ್ರಕಟಿಸಿದ್ದಾರೆ. ಫಿಟ್ಸ್ ಬಂದವರನ್ನು ಬಾಮ್, ಎಣ್ಣೆ ಏನಾದರೂ ಬಳಸಿದಿರಾ ಎಂದು ಕೇಳಬೇಕು ಎನ್ನುವುದು ಅವರ ವಾದ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದಿದ್ದರೆ ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಮಗು ಕುಡಿದುಬಿಟ್ಟರೆ? ವಾಂತಿ ಮಾಡಿಸಬೇಡಿ, ಬೆರಳು ಹಾಕಬೇಡಿ, ಉಪ್ಪುನೀರು ಕುಡಿಸಬೇಡಿ. ಎಣ್ಣೆ ವಾಪಸ್ಸು ಬರುವಾಗ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಅನಾಹುತ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಸೀಸೆಯನ್ನು ಜೊತೆಗೆ ಒಯ್ಯಿರಿ. ಏನು ಕುಡಿದಿದ್ದಾನೆ ಎಂದು ವೈದ್ಯರಿಗೆ ಗೊತ್ತಾದರೆ ಅರ್ಧ ಗಂಟೆ ಉಳಿಯುತ್ತದೆ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರವಿದೆ, ಅದರ ಉಚಿತ ದೂರವಾಣಿ 1800 116 117. ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.

ಬಿಸಿಲಿಗೆ ತಂಪು ಅಂತ ನಿಂಬೆ ಎಸೆನ್ಷಿಯಲ್ ಆಯಿಲ್ ಒಂದೆರಡು ಹನಿ ಕುಡಿಯೋ ನೀರಿಗೆ ಹಾಕಬಹುದೇ?
— ಕಲಬುರಗಿ

ಬೇಡ. ನಿಂಬೆಹಣ್ಣು ಹಿಂಡಿ, ಉಪ್ಪು ಸಕ್ಕರೆ ಹಾಕಿ ಕುಡಿಯಿರಿ. ಎಣ್ಣೆಯಲ್ಲಿ ಹಣ್ಣಿನ ಹುಳಿಯೂ ಇಲ್ಲ, ವಿಟಮಿನ್ ಸಿಯೂ ಇಲ್ಲ. ಅದು ಸಿಪ್ಪೆಯ ಎಣ್ಣೆ. ನೀರಿನ ಮೇಲೆ ತೇಲಿ ನೇರವಾಗಿ ತುಟಿ ಗಂಟಲಿಗೆ ತಾಗುತ್ತದೆ.

ಸರ್ ಅಥವಾ ಮೇಡಂ ಅವರೇ, ನಿಮ್ಮ ಅಂಕಣ ಓದಿದೆ. ಸುಮ್ಮಸುಮ್ಮನೆ ಮಂದಿಗೆ ಅಂಜಿಸ್ತೀರಿ. ನಮ್ಮ ಅವ್ವ ಲವಂಗ, ತುಳಸಿ, ಓಮ, ಲಾವಂಚ ಎಲ್ಲಾ ಬಳಸ್ಯಾಳ, ತೊಂಬತ್ತು ವರ್ಷ ಗಟ್ಟಿಮುಟ್ಟ ಬಾಳ್ಯಾಳ. ಗಿಡದಾಗಿನ ವಸ್ತುವಿನಿಂದ ಏನ್ ಅಪಾಯ ಆಗ್ತದ್ರಿ?
— ಧಾರವಾಡ

ಮೇಡಂ, ಸರ್ ಅಲ್ಲ. ನಿಮ್ಮ ಅವ್ವನ ಮಾತು ನನಗೂ ಒಪ್ಪಿಗೆಯೇ. ಅವರು ಬಳಸಿದ್ದು ಲವಂಗದ ಮೊಗ್ಗು, ತುಳಸಿಯ ಎಲೆ, ಹರವಿಯ ನೀರಿಗೆ ಲಾವಂಚದ ಬೇರು. ಸೀಸೆಯಲ್ಲಿ ಬರುವುದು ಅದಲ್ಲ. ಒಂದು ಕಿಲೋ ಮಜ್ಜಿಗೆ ಹುಲ್ಲಿನ ಎಣ್ಣೆಗೆ ಇನ್ನೂರು ಮುನ್ನೂರು ಕಿಲೋ ಹಸಿ ಹುಲ್ಲನ್ನು ಬಟ್ಟಿ ಇಳಿಸಬೇಕು. ಗುಲಾಬಿಯದಾದರೆ ಮೂರು ನಾಲ್ಕು ಸಾವಿರ ಕಿಲೋ ದಳ. ಕಷಾಯಕ್ಕೆ ನಾಲ್ಕು ಎಸಳು ಹಾಕುವುದಕ್ಕೂ ಹತ್ತು ಹನಿ ಎಣ್ಣೆ ಸುರಿಯುವುದಕ್ಕೂ ಹೋಲಿಕೆ ಎಲ್ಲಿಯದು? ಗಿಡದಾಗಿನ ವಸ್ತು ಎನ್ನುವುದಾದರೆ ಎಕ್ಕದ ಹಾಲೂ ಗಿಡದ್ದೇ, ಕಾಸರಕನ ಬೀಜವೂ ಗಿಡದ್ದೇ. ನಿಮ್ಮ ಅವ್ವ ಅವೆರಡನ್ನೂ ದೂರ ಇಟ್ಟಿದ್ದರು ಎಂದು ನಾನು ಬಲ್ಲೆ, ಅವರಿಗೆ ಯಾವುದು ಎಷ್ಟು ಎಂಬ ಲೆಕ್ಕ ಗೊತ್ತಿತ್ತು.

ಅಂಜಿಸುವುದು ನನ್ನ ಉದ್ದೇಶವಲ್ಲ ಸಾಹೇಬರೇ. ನನ್ನ ಮನೆಯಲ್ಲೂ ಲಾವಂಚದ ಎಣ್ಣೆ ಇದೆ, ಸೀರೆ ಪೆಟ್ಟಿಗೆಗೆ ಹತ್ತಿಯಲ್ಲಿ ಒಂದು ಹನಿ ಹಾಕಿ ಇಡುತ್ತೇನೆ.

ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಎಣ್ಣೆಯನ್ನು ತುಂತುರಾಗಿ ಗಾಳಿಗೆ ಬಿಡುವ ಡಿಫ್ಯೂಸರ್ ಉಡುಗೊರೆ ಬಂದಿದೆ. ಜೊತೆಗೆ 'ಇಮ್ಯೂನಿಟಿ', 'ಸ್ಲೀಪ್' ಅಂತ ಎರಡು ಬ್ಲೆಂಡ್. ಮನೆಯಲ್ಲಿ ಐದು ತಿಂಗಳ ಮಗು, ಒಂದು ಬೆಕ್ಕು. ರಾತ್ರಿಯಿಡೀ ಹಚ್ಚಿಡಬಹುದೇ? ಅತ್ತೆ ಸಾಂಬ್ರಾಣಿ ಹಾಕಿ ಎನ್ನುತ್ತಾರೆ.
— ಹೆಸರು ಬೇಡ ಎಂದವರು

ಐದು ತಿಂಗಳ ಮಗು ಮಲಗುವ ಕೋಣೆಯಲ್ಲಿ ಡಿಫ್ಯೂಸರೂ ಬೇಡ, ಸಾಂಬ್ರಾಣಿಯೂ ಬೇಡ. ಅತ್ತೆಯವರಿಗೆ ಬೇಜಾರಾಗದಂತೆ ನೀವೇ ಹೇಗಾದರೂ ಹೇಳಿಕೊಳ್ಳಿ. ಎಣ್ಣೆ ಮೀಸಿದ ಮೇಲೆ ಕೂಸಿನ ಕೂದಲಿಗೆ ಹೊಗೆ ಹಿಡಿಯುವುದು ನೋಡಲು ಚಂದವೇ, ಆದರೆ ಹೊಗೆ ಹೊಗೆಯೇ. ಆ ಪುಟ್ಟ ಶ್ವಾಸಕೋಶಕ್ಕೆ ಅದು ಸಾಂಬ್ರಾಣಿಯದೋ ಸೌದೆಯದೋ ಗೊತ್ತಾಗುವುದಿಲ್ಲ.

'ಇಮ್ಯೂನಿಟಿ' ಎಂಬ ಹೆಸರಿನ ಬ್ಲೆಂಡ್‌ಗಳಲ್ಲಿ ಸಾಮಾನ್ಯವಾಗಿ ಲವಂಗ, ದಾಲ್ಚಿನ್ನಿ, ನೀಲಗಿರಿ ಇರುತ್ತವೆ. ಹೆಸರು ನೋಡಿ ಕೊಳ್ಳಬೇಡಿ, ಹಿಂದೆ ತಿರುಗಿಸಿ ಯಾವ ಯಾವ ಎಣ್ಣೆ ಎಂದು ಓದಿ. ಅಲ್ಲೂ 'ಪ್ರೊಪ್ರೈಟರಿ ಬ್ಲೆಂಡ್' ಎಂದಷ್ಟೇ ಇದ್ದರೆ ಯಾವುದು ಎಷ್ಟಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಹಾಗಿದ್ದಾಗ ಅದರಲ್ಲಿರುವ ಅತಿ ಖಾರದ ಎಣ್ಣೆ ಯಾವುದೋ ಇಡೀ ಸೀಸೆ ಅದರದ್ದೇ ಎಂದು ತಿಳಿದು ಬಳಸಿ. ನಾನು ಹಾಗೇ ಮಾಡುತ್ತೇನೆ. ಇಮ್ಯೂನಿಟಿ ಹೆಚ್ಚುತ್ತದೆಯೇ ಎಂದು ನೀವು ಕೇಳಿಲ್ಲ, ಕೇಳದೆಯೇ ಹೇಳುತ್ತೇನೆ: ಕೋಣೆ ಘಮಘಮಿಸುತ್ತದೆ, ಅಷ್ಟೇ.

ಬೆಕ್ಕಿನ ವಿಷಯ ಹಲವರಿಗೆ ಗೊತ್ತಿಲ್ಲ. ಈ ಎಣ್ಣೆಗಳ ಅಂಶಗಳನ್ನು ಮನುಷ್ಯರ ಲಿವರ್ ನಿರಪಾಯ ಮಾಡಿ ಹೊರಗೆ ಹಾಕುವ ದಾರಿ ಬೆಕ್ಕಿನ ಲಿವರಿನಲ್ಲಿ ಬಹಳ ದುರ್ಬಲ. ಗಾಳಿಯಲ್ಲಿ ತೇಲಿದ ತುಂತುರು ತುಪ್ಪಳದ ಮೇಲೆ ಕೂರುತ್ತದೆ, ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ಎಲ್ಲವೂ ಹೊಟ್ಟೆಗೆ. ಟೀ ಟ್ರೀ ಎಣ್ಣೆಯಂತೂ (ಇದು ಚಹಾ ಗಿಡದ್ದಲ್ಲ, ಬೇರೊಂದು ಮರದ್ದು) ಬೆಕ್ಕಿಗೆ ಹಚ್ಚಲೇಬಾರದು, ಚಿಗಟಕ್ಕೆ ಅಂತ ಯಾರು ಹೇಳಿದರೂ ಸರಿ. ಜೊಲ್ಲು ಸುರಿಸುವುದು, ತೂರಾಡುವುದು, ನಡುಗುವುದು ಕಂಡರೆ ಪಶುವೈದ್ಯರಲ್ಲಿಗೆ ಓಡಿ.

ಮಗು ದೊಡ್ಡದಾದ ಮೇಲೆ ನಡುಮನೆಯಲ್ಲಿ ಕಿಟಕಿ ತೆರೆದು, ಬೆಕ್ಕು ಹೊರಗೆ ಹೋಗಲು ಬಾಗಿಲು ಬಿಟ್ಟು, ಮೂರ್ನಾಲ್ಕು ಹನಿ ಹಾಕಿ ಅರ್ಧ ಗಂಟೆ ಹಚ್ಚಿ ಆರಿಸಿ. ಇಡೀ ರಾತ್ರಿ ಯಾವ ವಯಸ್ಸಿನವರಿಗೂ ಬೇಕಿಲ್ಲ. ಅರ್ಧ ಗಂಟೆಯ ಮೇಲೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಜನ ಆಗ ಇನ್ನಷ್ಟು ಹನಿ ಹಾಕುತ್ತಾರೆ. ಅಸ್ತಮಾ ಇರುವವರು ಮನೆಗೆ ಬಂದಾಗಲಂತೂ ಮುಟ್ಟಬೇಡಿ.

ಪ್ರವಾಸಕ್ಕೆ ಹೋದಾಗ 'ಅಸಲಿ ಶ್ರೀಗಂಧದ ಎಣ್ಣೆ' ಅಂತ 10 ಮಿ.ಲೀ. 150 ರೂಪಾಯಿಗೆ ಕೊಂಡೆ. ಅಂಗಡಿಯವನು ಕಾಗದದ ಮೇಲೆ ಹನಿ ಹಾಕಿ ತೋರಿಸಿದ. ಅಸಲಿಯೇ?
— ಹಾಸನ

ಅಲ್ಲ. ಬೆಲೆ ಕೇಳಿಯೇ ಹೇಳಬಹುದು, ಮೂಸಿ ನೋಡುವುದೇ ಬೇಡ.

ಗಂಧದ ಮರದ ಚೇಗಿನಲ್ಲಿ ಎಣ್ಣೆ ಕಟ್ಟಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರ ಕಳಿಸುವುದು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಶುರು ಮಾಡಿತು. ಅಂದಿನಿಂದಲೂ ಅದು ಗ್ರಾಂ ಲೆಕ್ಕದಲ್ಲಿ ಮಾರುವ ವಸ್ತು. ನೂರೈವತ್ತು ರೂಪಾಯಿಗೆ ಹತ್ತು ಮಿ.ಲೀ. ಕೊಟ್ಟರೆ ಅಂಗಡಿಯವನು ಮನೆ ಮಾರಿಕೊಳ್ಳಬೇಕಾಗುತ್ತದೆ.

ಕಾಗದದ ಪರೀಕ್ಷೆ ನಾಟಕ. ಬೇಗ ಆರುವ ಎಣ್ಣೆಗಳಿಗೆ ಅದು ಒಂದಿಷ್ಟು ಸುಳಿವು ಕೊಡುತ್ತದೆ, ಗಂಧ ಲಾವಂಚಗಳಂಥ ಭಾರದ ಎಣ್ಣೆಗಳು ಅಸಲಿಯಾದರೂ ಗುರುತು ಬಿಡುತ್ತವೆ. ಗೊತ್ತಾಗುವುದು ಲ್ಯಾಬಿನಲ್ಲಿ, ಎಣ್ಣೆಯ ಅಂಶಗಳನ್ನು ಬಿಡಿಸಿ ಅಳೆಯುವ ಗ್ಯಾಸ್ ಕ್ರೊಮಾಟೊಗ್ರಫಿಯಲ್ಲಿ. ನಮ್ಮ ಶ್ರೀಗಂಧದ ಎಣ್ಣೆಯ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಅದರ ಪರಿಮಳದ ಮುಖ್ಯ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ 41ರಿಂದ 55 ಪರ್ಸೆಂಟ್, ಬೀಟಾ ಸ್ಯಾಂಟಲಾಲ್ 16ರಿಂದ 24 ಪರ್ಸೆಂಟ್ ಇರಬೇಕೆಂದಿದೆ. ಒಳ್ಳೆಯ ಮಾರಾಟಗಾರರನ್ನು ಬ್ಯಾಚಿನ ರಿಪೋರ್ಟ್ ಕೇಳಿದರೆ ಕೊಡುತ್ತಾರೆ. ಮುಖ ತಿರುಗಿಸುವವರ ಹತ್ತಿರ ಕೊಳ್ಳಬೇಡಿ. ಹಾಗೆಯೇ 'ಶುದ್ಧ ಮಲ್ಲಿಗೆ ಎಸೆನ್ಷಿಯಲ್ ಆಯಿಲ್' ಎಂದರೆ ಅನುಮಾನಪಡಿ. ಮಲ್ಲಿಗೆಯ ಪರಿಮಳವನ್ನು ಹಬೆಯಲ್ಲಿ ಬಟ್ಟಿ ಇಳಿಸುವುದು ಕಷ್ಟ, ದ್ರಾವಕದಲ್ಲಿ ತೆಗೆದು ಅಬ್ಸಲ್ಯೂಟ್ ಎಂದು ಮಾರುತ್ತಾರೆ, ಅದೂ ಅಗ್ಗವಲ್ಲ.

ನಿಮ್ಮ ಸೀಸೆಯಲ್ಲಿರುವುದು ಬಹುಶಃ ಕೃತಕ ಪರಿಮಳ, ತೆಳುವಾಗಿಸಲು ಡಿಇಪಿ ಎಂಬ ದ್ರಾವಕದಂಥದ್ದು ಏನಾದರೂ. ಊದುಬತ್ತಿಗೆ ನಾವು ಹಾಕುತ್ತಿದ್ದದ್ದೂ ಅಂಥದೇ, ವಾಸನೆ ಕೆಟ್ಟದ್ದೇನೂ ಇರುವುದಿಲ್ಲ. ಹತ್ತಿಯಲ್ಲಿ ಅದ್ದಿ ಬೀರುವಿನಲ್ಲಿಡಿ. ಮೈಗೆ, ಮುಖಕ್ಕೆ ಹಚ್ಚಬೇಡಿ, ಬೇರೆ ಎಣ್ಣೆಗಳ ಜೊತೆ ಬೆರೆಸಬೇಡಿ. ಏನಿದೆಯೆಂದು ಗೊತ್ತಿಲ್ಲದ್ದನ್ನು ಲೆಕ್ಕ ಹಾಕಲಾಗದು.

ಊಟಿಗೆ ಹೋದವರು ವಿಂಟರ್‌ಗ್ರೀನ್ ಎಣ್ಣೆ ತಂದುಕೊಟ್ಟರು. ಅಮ್ಮನ ಮಂಡಿನೋವಿಗೆ ನೀಲಗಿರಿ ಎಣ್ಣೆಯ ಜೊತೆ ಬೆರೆಸಿ ದಿನಾ ಎರಡು ಹೊತ್ತು ತಿಕ್ಕುತ್ತಿದ್ದೇವೆ, ನೋವು ಇಳಿದಿದೆ. ಆದರೆ ಮೈಮೇಲೆ ಅಲ್ಲಲ್ಲಿ ನೀಲಿ ಮಚ್ಚೆ ಕಾಣುತ್ತಿದೆ. ಅಮ್ಮನಿಗೆ ಹೃದಯದ ಕವಾಟದ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ.
— ಉಡುಪಿ

ಈ ಪತ್ರಕ್ಕೆ ಸಂಪಾದಕರ ಕೈಯಲ್ಲಿ ಆಗಲೇ ಫೋನ್ ಮಾಡಿಸಿದೆ. ಇಂಥವರು ಇನ್ನೂ ಇರಬಹುದೆಂದು ಇಲ್ಲೂ ಬರೆಯುತ್ತಿದ್ದೇನೆ. ವಿಂಟರ್‌ಗ್ರೀನ್ ಎಣ್ಣೆ ಅಂದರೆ ಹೆಚ್ಚುಕಡಿಮೆ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಸಂಬಂಧಿ. ನೋವು ಇಳಿದದ್ದು ಅದಕ್ಕೇ. ಚರ್ಮದ ಮೂಲಕ ಅದು ರಕ್ತಕ್ಕೆ ಸೇರುತ್ತದೆ, ವಾರ್ಫರಿನ್ನಿನ ಶಕ್ತಿ ಹೆಚ್ಚಿಸುತ್ತದೆ. ನೀಲಿ ಮಚ್ಚೆ ಅಂದರೆ ಚರ್ಮದಡಿ ರಕ್ತ ಒಸರಿದ ಗುರುತು. ಎಣ್ಣೆ ಇವತ್ತೇ ನಿಲ್ಲಿಸಿ. ವಾರ್ಫರಿನ್ ನಿಲ್ಲಿಸಬೇಡಿ, ಅದನ್ನು ಹೃದಯದ ವೈದ್ಯರು ಮಾತ್ರ ಹೇಳಬೇಕು. ಇವತ್ತೇ ಅವರನ್ನು ಕಂಡು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಮಲ ಕಪ್ಪಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ವಿಪರೀತ ತಲೆನೋವಿದ್ದರೆ ನಾಳೆಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಉಳಿದವರು ತಿಳಿದಿರಬೇಕಾದ ಒಂದು ಅಂಕಿ: ಈ ಎಣ್ಣೆಯ ಒಂದು ಟೀ ಚಮಚದಲ್ಲಿರುವ ಸ್ಯಾಲಿಸಿಲೇಟ್ 325 ಮಿ.ಗ್ರಾಂನ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮ. ಪೆಪ್ಪರ್‌ಮಿಂಟ್ ಚಾಕಲೇಟಿನಂಥ ವಾಸನೆ ಬೇರೆ. ಮಕ್ಕಳಿರುವ ಮನೆಗೆ ಊಟಿಯಿಂದ ಚಾಕಲೇಟನ್ನೇ ತನ್ನಿ.

ದುಬೈನಲ್ಲಿದ್ದೇನೆ. ಮೊಡವೆ ಕಲೆಗೆ ನಿಂಬೆ ಮತ್ತು ಬರ್ಗಮಾಟ್ (ಕಿತ್ತಳೆ ಜಾತಿಯ ಹಣ್ಣು) ಎಣ್ಣೆ ಇರುವ ಫೇಸ್ ಬ್ಲೆಂಡ್ ಹಚ್ಚಿ ಬೆಳಿಗ್ಗೆ ಸೈಟಿಗೆ ಹೋದೆ. ಕೆನ್ನೆ ಸುಟ್ಟು ಈಗ ಕಂದು ಪಟ್ಟೆ ಉಳಿದಿದೆ.
— ಮಂಗಳೂರಿನವ, ಸದ್ಯ ದುಬೈ

ಬರ್ಗಮಾಟ್‌ನಲ್ಲಿ, ಹಿಂಡಿ ತೆಗೆದ ನಿಂಬೆ ಎಣ್ಣೆಯಲ್ಲಿ ಬಿಸಿಲಿಗೆ ಕೆರಳುವ ಅಂಶಗಳಿವೆ. ಹಚ್ಚಿ ನೆರಳಲ್ಲಿದ್ದರೆ ಏನೂ ಆಗದು, ಬಿಸಿಲಿಗೆ ಹೋದರೆ ಸುಡುತ್ತದೆ. ಬರ್ಗಮಾಟ್‌ಗೆ ಹೇಳುವ ಮಿತಿ 0.4 ಪರ್ಸೆಂಟ್. ಅದನ್ನು ಮೀರಿದ್ದರೆ ಹಚ್ಚಿದ ಮೇಲೆ ಹನ್ನೆರಡು ಗಂಟೆ ಬಿಸಿಲು ಬೇಡ ಎನ್ನುತ್ತಾರೆ. ನಿಮ್ಮೂರಿನ ಬಿಸಿಲಿಗೆ ಇವೆರಡೂ ಸೇರಿದ ಫೇಸ್ ಬ್ಲೆಂಡ್ ಮಾರಿದವರ ಧೈರ್ಯ ಮೆಚ್ಚಬೇಕು. ಕಲೆ ಹೋಗಲು ತಿಂಗಳುಗಳು ಹಿಡಿಯಬಹುದು. ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ, ಚರ್ಮದ ವೈದ್ಯರಿಗೆ ತೋರಿಸಿ. ಅದರ ಮೇಲೆ ಇನ್ನೊಂದು ಎಣ್ಣೆಯ ಪ್ರಯೋಗ ಬೇಡ.

ಹಳೇ ಸೀಸೆಗಳು ಎಷ್ಟು ವರ್ಷ ಬರುತ್ತವೆ? ಫ್ರಿಜ್ಜಿನಲ್ಲಿಡಬೇಕೇ?
— ತುಮಕೂರು

ನಿಂಬೆ ಕಿತ್ತಳೆ ಜಾತಿಯವು ಮತ್ತು ಟೀ ಟ್ರೀ ತೆರೆದ ಮೇಲೆ ಒಂದೆರಡು ವರ್ಷ. ಗಾಳಿ ತಾಗಿ ಹಳಸಿದ ಎಣ್ಣೆ ಹೊಸದಕ್ಕಿಂತ ಹೆಚ್ಚು ಅಲರ್ಜಿ ಕೊಡುತ್ತದೆ, ಆದ್ದರಿಂದ ಉಳಿತಾಯ ಮಾಡಬೇಡಿ, ಮೈಗೆ ಹಚ್ಚದೆ ನೆಲ ಒರೆಸಲು ಬಳಸಿ ಮುಗಿಸಿ. ಗಂಧ, ಲಾವಂಚ ವರ್ಷ ಕಳೆದಷ್ಟೂ ಚೆನ್ನ. ಬಣ್ಣದ ಗಾಜಿನ ಸೀಸೆ, ಬಿಗಿಯಾದ ಮುಚ್ಚಳ, ತಂಪು ಜಾಗ. ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಡಬೇಡಿ, ಕೆಲವು ಎಣ್ಣೆಗಳು ಅದನ್ನೇ ಕರಗಿಸುತ್ತವೆ. ಫ್ರಿಜ್ ಆದೀತು, ಮಕ್ಕಳ ಕೈಗೆ ಸಿಗದಿದ್ದರೆ. ದೇವರ ದೀಪದ ಹತ್ತಿರ ಮಾತ್ರ ಬೇಡ, ಇವೆಲ್ಲ ಬೆಂಕಿ ಹಿಡಿಯುವ ಎಣ್ಣೆಗಳು.

ಅಕ್ಕಾ, ನಮ್ಮ ಸ್ವಸಹಾಯ ಸಂಘದವರು ಸೇರಿ ಮಜ್ಜಿಗೆ ಹುಲ್ಲು, ಲಾವಂಚದ ಎಣ್ಣೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ರೋಲ್-ಆನ್ ಮಾಡಿ ಮಾರಬೇಕೆಂದಿದ್ದೇವೆ. ಲೇಬಲ್ಲಿನ ಮೇಲೆ 'ತಲೆನೋವು, ನಿದ್ರಾಹೀನತೆ ಗುಣವಾಗುತ್ತದೆ' ಎಂದು ಹಾಕಬಹುದೇ?
— ಚಿಕ್ಕಮಗಳೂರು ಜಿಲ್ಲೆ

ಮೊದಲು ಲೈಸೆನ್ಸ್. ಮೈಗೆ ಹಚ್ಚುವುದನ್ನು ತಯಾರಿಸಿ ಮಾರಲು 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣದವರಿಂದ ಪರವಾನಗಿ ಬೇಕು. ಮನೆಯ ಅಡುಗೆಕೋಣೆಗೆ ಅದು ಸಿಗುವುದಿಲ್ಲ, ಬೇರೆ ಜಾಗ, ಅರ್ಹತೆ ಇರುವ ಒಬ್ಬರ ಮೇಲ್ವಿಚಾರಣೆ ಎಲ್ಲ ಕೇಳುತ್ತಾರೆ. ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಯಲ್ಲಿ ವಿಚಾರಿಸಿ. ಲೈಸೆನ್ಸ್ ಇರುವ ಘಟಕದಲ್ಲಿ ನಿಮ್ಮ ಮಿಶ್ರಣ ಮಾಡಿಸಿಕೊಳ್ಳುವುದು ಶುರುವಿಗೆ ಸುಲಭ.

'ಗುಣವಾಗುತ್ತದೆ' ಎಂದು ಹಾಕಬೇಡಿ. ಆ ಮಾತು ಬರೆದ ಕೂಡಲೇ ಅದು ಕಾನೂನಿನ ಕಣ್ಣಲ್ಲಿ ಔಷಧ. ಕೆಲವು ಕಾಯಿಲೆಗಳ ಹೆಸರು ಹೇಳಿ ಜಾಹೀರಾತು ಕೊಡುವುದಕ್ಕೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯಲ್ಲಿ ಶಿಕ್ಷೆಯೂ ಇದೆ. ಅದರ ಬದಲು ಕನ್ನಡದಲ್ಲಿ, ಅಜ್ಜಿಯೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಇಷ್ಟು ಹಾಕಿ: ಯಾವ ಯಾವ ಎಣ್ಣೆ, ಸಸ್ಯದ ಶಾಸ್ತ್ರೀಯ ಹೆಸರು, ಒಟ್ಟು ಎಷ್ಟು ಪರ್ಸೆಂಟ್, ತಯಾರಿಸಿದ ತಿಂಗಳು, ಬ್ಯಾಚ್ ಸಂಖ್ಯೆ, 'ಕುಡಿಯಬಾರದು', 'ಮಕ್ಕಳ ಕೈಗೆ ಸಿಗದಂತೆ ಇಡಿ'. ಪರ್ಸೆಂಟನ್ನು ಹಾಕುವವರು ಮಾರುಕಟ್ಟೆಯಲ್ಲಿ ಬಹಳ ಕಡಿಮೆ. ಸಂಘದವರು ಮೊದಲ ಬ್ಯಾಚ್ ಮಾಡಿದಾಗ ತೂಕದ ಪಟ್ಟಿ ನನಗೆ ಕಳಿಸಿ, ಹನಿಯ ಲೆಕ್ಕದಲ್ಲಿ ಬೇಡ, ಗ್ರಾಂನಲ್ಲಿ. ನೋಡಿ ಹೇಳುತ್ತೇನೆ.